ಸೊಲ್ಲಾಪುರದ ರನ್‌ವೇ ಸುತ್ತ ಮನೆ ಕಟ್ಟುವವರಿಗೆ: ಎತ್ತರದ ಪರವಾನಗಿ, ನೋಟೀಸು, ಜಮೀನು

2023ರ ಜೂನ್ 15ರಂದು ಸೊಲ್ಲಾಪುರದ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ವಿದ್ಯುತ್ ಘಟಕದ ಚಿಮಣಿಯನ್ನು ಸ್ಫೋಟಕ ಇಟ್ಟು ಉರುಳಿಸಲಾಯಿತು. ಸುಮಾರು 90 ಮೀಟರ್ ಎತ್ತರದ ಆ ಚಿಮಣಿ ಹೋಟಗಿ ರಸ್ತೆಯ ವಿಮಾನ ನಿಲ್ದಾಣಕ್ಕೆ ಅಡ್ಡಿ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದಿತ್ತು. ಆಮೇಲೆ 2024ರ ಸೆಪ್ಟೆಂಬರ್ 29ರಂದು ನವೀಕರಿಸಿದ ನಿಲ್ದಾಣದ ಉದ್ಘಾಟನೆಯಾಯಿತು, 2025ರ ಜೂನ್ 9ರಂದು ಗೋವಾ ವಿಮಾನ ಹಾರಿತು. ಚಿಮಣಿಯ ಕಥೆಯನ್ನು ಊರವರು ದೊಡ್ಡವರ ಜಗಳ ಎಂದು ನೋಡಿ ಬಿಟ್ಟರು. ಆದರೆ ಚಿಮಣಿಯನ್ನು ಅಳೆದ ಕೋಲು ನಿಮ್ಮ ಮೂರಂತಸ್ತಿನ ಮನೆಗೂ ಅದೇ. ಮಾಳಿಗೆಯ ಮೇಲಿನ ನೀರಿನ ಟಾಕಿ, ಮಿಂಚಿನ ಕಂಬ, ಹಿತ್ತಲಿನ ನೀಲಗಿರಿ ಮರ ಎಲ್ಲಕ್ಕೂ ಅದೇ.

ವಿಮಾನ ಬಂದರೆ ಜಾಗದ ದರ ಏರುತ್ತದೆ ಎಂದು ಹೋಟಗಿ, ಕುಮಠೆ, ಕುಂಭಾರಿ ಕಡೆ ಪ್ಲಾಟ್ ಹಿಡಿಯುವವರು ಹೆಚ್ಚು. ದರ ಏರಬಹುದು. ಅದೇ ಪ್ಲಾಟಿನ ಮೇಲೆ ಎಷ್ಟು ಎತ್ತರ ಕಟ್ಟಬಹುದು ಎಂಬುದು ಮಾತ್ರ ಇಳಿಯಬಹುದು. ಮಾರುವವನು ಇದನ್ನು ಹೇಳುವುದಿಲ್ಲ.

ಯಾರಿಗೆ ಬೇಕು

ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ 2015ರಲ್ಲಿ ಎತ್ತರ ನಿರ್ಬಂಧದ ನಿಯಮಗಳನ್ನು ಹೊರಡಿಸಿತು, 2020ರಲ್ಲಿ ತಿದ್ದಿತು. ನಿಲ್ದಾಣದ ಆಧಾರ ಬಿಂದುವಿನಿಂದ 20 ಕಿಲೋಮೀಟರ್ ಒಳಗೆ ಏನೇ ಕಟ್ಟುವುದಿದ್ದರೂ ಈ ನಿಯಮದ ಲೆಕ್ಕಕ್ಕೆ ಬರುತ್ತದೆ. ಆಧಾರ ಬಿಂದು ಎಂದರೆ ನಿಲ್ದಾಣದ ಗೇಟು ಅಲ್ಲ, ಟರ್ಮಿನಲ್ಲೂ ಅಲ್ಲ. ರನ್‌ವೇಯ ನಡುಭಾಗದ ಆಸುಪಾಸಿನಲ್ಲಿ ಗೊತ್ತುಮಾಡಿದ ಒಂದು ಬಿಂದು. ಗೇಟಿನಿಂದ ದೂರ ಅಳೆದು "ನಾವು ಹೊರಗಿದ್ದೇವೆ" ಎಂದು ನಿರ್ಧರಿಸಬೇಡಿ.

20 ಕಿಲೋಮೀಟರ್ ಒಳಗಿನ ಎಲ್ಲರೂ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕೆಂದೇನಿಲ್ಲ. ಪ್ರಾಧಿಕಾರವು ನಿಲ್ದಾಣಗಳಿಗೆ ಬಣ್ಣದ ವಲಯ ನಕ್ಷೆ ಮಾಡಿ ಸ್ಥಳೀಯ ಸಂಸ್ಥೆಗಳಿಗೆ ಕೊಡುತ್ತದೆ. ಪ್ರತಿ ಬಣ್ಣಕ್ಕೆ ಒಂದು ಎತ್ತರ. ಅದಕ್ಕಿಂತ ಕೆಳಗಿದ್ದರೆ ಮಹಾನಗರಪಾಲಿಕೆಯೇ ಪರವಾನಗಿ ಕೊಡಬಹುದು, ಮೀರಿದರೆ ಪ್ರಾಧಿಕಾರದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲವೆಂಬ ಪತ್ರ, ಬೇಕು. ರನ್‌ವೇಗೆ ತೀರ ಹತ್ತಿರದ ಪಟ್ಟಿಯಲ್ಲಿ ಎಷ್ಟೇ ಚಿಕ್ಕದು ಕಟ್ಟಿದರೂ ಎನ್‌ಒಸಿ ಬೇಕೇಬೇಕು. ಆದ್ದರಿಂದ ಮೊದಲ ಕೆಲಸ, ಪ್ಲಾಟಿನ ಸಾತ್‌ಬಾರಾ ಉತಾರ (ಜಮೀನಿನ ಹಕ್ಕಿನ ದಾಖಲೆ) ಇಲ್ಲವೆ ಸಿಟಿ ಸರ್ವೇ ನಕಲು ಹಿಡಿದು ನಗರರಚನಾ ವಿಭಾಗಕ್ಕೆ ಹೋಗಿ, ನಿಮ್ಮ ಗಟ್ ನಂಬರು (ಸರ್ವೇ ನಂಬರು) ಯಾವ ಬಣ್ಣದಲ್ಲಿದೆ ಎಂದು ಕೇಳುವುದು. ಬಾಯಿಮಾತಿನ ಉತ್ತರ ಸಾಲದು. ಅರ್ಜಿ ಬರೆದು ಕೊಟ್ಟು ಪೋಚ್ (ಮುಟ್ಟಿದ ಸ್ವೀಕೃತಿ) ಪಡೆಯಿರಿ.

ಕಾಣದ ಪರಾತ

ಹಿಟ್ಟು ಕಲಸುವ ದೊಡ್ಡ ಪರಾತವೊಂದು ನಿಲ್ದಾಣದ ಮೇಲೆ ಗಾಳಿಯಲ್ಲಿ ನಿಂತಿದೆ ಎಂದುಕೊಳ್ಳಿ. ದೊಡ್ಡ ದರ್ಜೆಯ, ಅಂದರೆ ಕೋಡ್ 4ರ ರನ್‌ವೇಗೆ ಅದರ ತಳ ನಿಲ್ದಾಣದ ಮಟ್ಟದಿಂದ 45 ಮೀಟರ್ ಮೇಲಿದ್ದು 4 ಕಿಲೋಮೀಟರ್‌ವರೆಗೆ ಸಪಾಟಾಗಿ ಹರಡಿರುತ್ತದೆ. ಅಲ್ಲಿಂದ ಅಂಚು 20 ಮೀಟರಿಗೆ 1 ಮೀಟರಿನಂತೆ ಏರಿ, ಇನ್ನೂ 2 ಕಿಲೋಮೀಟರ್ ಹೋಗುವಷ್ಟರಲ್ಲಿ 145 ಮೀಟರ್ ಮುಟ್ಟುತ್ತದೆ. ರನ್‌ವೇಯ ಎರಡು ಮಗ್ಗುಲಲ್ಲಿ ಪರಾತದ ತಳಕ್ಕೆ ತಲುಪುವ ಇಳಿಜಾರು ಇರುತ್ತದೆ: ರನ್‌ವೇ ಪಟ್ಟಿಯ, ಅಂದರೆ ರನ್‌ವೇಯನ್ನು ಸುತ್ತಿದ ಖಾಲಿ ನೆಲದ, ಅಂಚಿನಿಂದ 7 ಮೀಟರ್ ದೂರಕ್ಕೆ 1 ಮೀಟರ್ ಎತ್ತರ. ಪಟ್ಟಿಯ ಅಂಚಿನಿಂದ 100 ಮೀಟರ್ ದೂರದಲ್ಲಿದ್ದರೆ ಸುಮಾರು 14 ಮೀಟರ್ ಅಷ್ಟೆ.

ನಿಜವಾದ ಬಿಗಿ ಇರುವುದು ರನ್‌ವೇಯ ಎರಡು ತುದಿಗಳ ಎದುರಿಗೆ. ವಿಮಾನ ಇಳಿಯುವ, ಏರುವ ದಾರಿ ಅದು. ಉಪಕರಣಗಳ ನೆರವಿನಿಂದ ಇಳಿಯುವ ದೊಡ್ಡ ರನ್‌ವೇಗೆ ಈ ದಾರಿ ಪಟ್ಟಿಯ ತುದಿಯಿಂದ 15 ಕಿಲೋಮೀಟರ್ ಚಾಚುತ್ತದೆ. ಮೊದಲ 3 ಕಿಲೋಮೀಟರಿನಲ್ಲಿ ಏರಿಕೆ 100 ಮೀಟರಿಗೆ 2 ಮೀಟರ್ ಮಾತ್ರ. ಮುಂದೆ ಹೋದಂತೆ ಅದು ಎರಡು ಬದಿಗೂ ಬೀಸಣಿಗೆಯಂತೆ ಅಗಲವಾಗುತ್ತದೆ. ಸೊಲ್ಲಾಪುರದ ರನ್‌ವೇ ಹೆಸರು 15/33. ಅಂಕಿಗೆ ಒಂದು ಸೊನ್ನೆ ಸೇರಿಸಿದರೆ ದಿಕ್ಕು ಸಿಗುತ್ತದೆ: 150 ಡಿಗ್ರಿ ಮತ್ತು 330 ಡಿಗ್ರಿ, ಅಂದರೆ ಸ್ಥೂಲವಾಗಿ ಆಗ್ನೇಯ ಮತ್ತು ವಾಯವ್ಯ. ನಕ್ಷೆಯಲ್ಲಿ ರನ್‌ವೇಯ ಮೇಲೆ ಗೆರೆ ಇಟ್ಟು ಎರಡೂ ಕಡೆ ಎಳೆಯಿರಿ. ಆ ಗೆರೆಯ ಹತ್ತಿರ ಪ್ಲಾಟ್ ಕೊಳ್ಳುವವರು ಎನ್‌ಒಸಿ ಸಿಗುವವರೆಗೆ ಇಸಾರಿನ ಹಣವನ್ನೂ ಕೊಡದಿರುವುದು ಒಳ್ಳೆಯದು.

ಇನ್ನೊಂದು ಮಾತು, ಬಹಳ ಜನ ಎಡವುವುದು ಇಲ್ಲೇ. 45 ಮೀಟರ್ ಎಂದರೆ ನಿಮ್ಮ ನೆಲದಿಂದ 45 ಮೀಟರ್ ಅಲ್ಲ, ನಿಲ್ದಾಣದ ಮಟ್ಟದಿಂದ. ನಿಮ್ಮ ಜಾಗ ನಿಲ್ದಾಣಕ್ಕಿಂತ 10 ಮೀಟರ್ ದಿಬ್ಬದ ಮೇಲಿದ್ದರೆ ನಿಮಗೆ ಉಳಿಯುವುದು 35.

ವಿಸ್ತರಣೆ ಆದಾಗ ಏನು ಬದಲಾಗುತ್ತದೆ

ವಿಸ್ತರಣೆ ಎಂದರೆ ಬೇಲಿ ಸರಿಯುವುದು, ಜಮೀನು ಹೋಗುವುದು ಎಂದಷ್ಟೇ ತಿಳಿದರೆ ಅರ್ಧ ಮಾತ್ರ ತಿಳಿದಂತೆ. ಬೇಲಿ ಒಂದಿಂಚೂ ಸರಿಯದೆ ನಿರ್ಬಂಧ ಬದಲಾಗಬಹುದು. ಕಣ್ಣಳತೆಯಲ್ಲಿ ಇಳಿಯುವ, ಕೋಡ್ 4ಕ್ಕಿಂತ ಒಂದು ದರ್ಜೆ ಚಿಕ್ಕದಾದ ಕೋಡ್ 3ರ ರನ್‌ವೇಗೆ ಇಳಿದಾರಿಯ ಉದ್ದ 3 ಕಿಲೋಮೀಟರ್, ಏರಿಕೆ 100ಕ್ಕೆ 3.33. ಅದೇ ರನ್‌ವೇಯನ್ನು ಮೋಡ ಮುಸುಕಿದಾಗಲೂ ಇಳಿಯಲು ಬರುವಂತೆ ಉಪಕರಣದ ದರ್ಜೆಗೆ ಏರಿಸಿದರೆ ಏರಿಕೆ 100ಕ್ಕೆ 2, ಉದ್ದ 15 ಕಿಲೋಮೀಟರ್. ಪಟ್ಟಿಯ ತುದಿಗೂ ನಿಮಗೂ 1 ಕಿಲೋಮೀಟರ್ ಅಂತರವಿದೆ ಎನ್ನಿ. ಮೊದಲು 33 ಮೀಟರ್ ಇದ್ದ ಅವಕಾಶ 20ಕ್ಕೆ ಇಳಿಯುತ್ತದೆ. ನಾಲ್ಕು ಮಹಡಿಯಷ್ಟು ಹೋಯಿತು.

ರನ್‌ವೇಯನ್ನೇ ನಿಮ್ಮ ಕಡೆಗೆ 500 ಮೀಟರ್ ಉದ್ದ ಮಾಡಿದರೆ ಇನ್ನೂ ಬಿಗಿ. 1 ಕಿಲೋಮೀಟರ್ ಅಂತರ 500 ಮೀಟರ್ ಆಗುತ್ತದೆ, 20 ಮೀಟರ್ ಹೋಗಿ 10 ಮೀಟರ್. ನೆಲಮಹಡಿ, ಅದರ ಮೇಲೊಂದು, ಮೇಲೆ ಟಾಕಿ ಇಟ್ಟರೆ ಮುಗಿಯಿತು. ಹೀಗಾಗಿ ಪಕ್ಕದವರಿಗೆ ಐದು ವರ್ಷದ ಹಿಂದೆ ಸಿಕ್ಕ ಎತ್ತರ ನೋಡಿ ನಿಮ್ಮ ನಕ್ಷೆ ಮಾಡಿಸಬೇಡಿ. ಅವರ ಕಾಗದ ಅವರಿಗೆ.

ಅಳತೆ ಮಾಡಿಸುವುದು

ಎನ್‌ಒಸಿ ಅರ್ಜಿ ನಿಂತಿರುವುದು ಎರಡು ಅಂಕಿಗಳ ಮೇಲೆ: ಕಟ್ಟಡದ ಮೂಲೆಗಳ ಅಕ್ಷಾಂಶ-ರೇಖಾಂಶ, ಮತ್ತು ಸಮುದ್ರಮಟ್ಟದಿಂದ ನೆಲದ ಎತ್ತರ. ಎರಡರ ಪ್ರಮಾಣಪತ್ರವನ್ನೂ ಪ್ರಾಧಿಕಾರ ಒಪ್ಪುವ ಸರ್ವೇಯರನಿಂದ ಮಾಡಿಸಬೇಕು. ಭೂಮಿ ಅಭಿಲೇಖ ಕಚೇರಿಯ ಮೋಜಣಿ (ಜಮೀನಿನ ಅಳತೆ) ಬೇರೆ, ಇದು ಬೇರೆ. ಮೋಜಣಿ ನಿಮ್ಮ ಜಾಗದ ಗಡಿ ತೋರಿಸುತ್ತದೆ, ಎತ್ತರ ತೋರಿಸುವುದಿಲ್ಲ. ಗಡಿಯ ತಂಟೆ ಇದ್ದರೆ ಅದನ್ನು ಮೊದಲು ಬಗೆಹರಿಸಿಕೊಳ್ಳಿ, ಇಲ್ಲದಿದ್ದರೆ ಅಳತೆ ಎರಡು ಸಲ ಮಾಡಿಸುವ ಖರ್ಚು ಬೀಳುತ್ತದೆ.

ಮೊಬೈಲಿನ ಎತ್ತರ ಯಾಕೆ ನಡೆಯದು? ಉಪಗ್ರಹದ ಕಚ್ಚಾ ಅಂಕಿ ಭೂಮಿಯನ್ನು ಗಣಿತದ ಒಂದು ನುಣುಪು ಗೋಳವೆಂದು ತಿಳಿದು ಲೆಕ್ಕ ಹಾಕುತ್ತದೆ. ದಖ್ಖನಿನ ನಮ್ಮ ಭಾಗದಲ್ಲಿ ನಿಜವಾದ ಸಮುದ್ರಮಟ್ಟದ ಎತ್ತರಕ್ಕಿಂತ ಅದು ಹತ್ತಾರು ಮೀಟರ್ ಕಡಿಮೆ ಬರುತ್ತದೆ. ಕೆಲವು ಆ್ಯಪ್‌ಗಳು ಅದನ್ನು ತಿದ್ದಿ ತೋರಿಸುತ್ತವೆ, ಕೆಲವು ಇಲ್ಲ. ಕಡಿಮೆ ಅಂಕಿ ಬರೆದರೆ ಕಾಗದದ ಮೇಲೆ ನಿಮ್ಮ ಜಾಗ ತಗ್ಗಿನಲ್ಲಿದ್ದಂತೆ ಕಂಡು ಹೆಚ್ಚು ಎತ್ತರ ಸಿಕ್ಕಂತಾಗುತ್ತದೆ. ಖುಷಿಪಡಬೇಡಿ. ಮುಂದೆ ಪರಿಶೀಲನೆಯಲ್ಲಿ ತಪ್ಪು ಸಿಕ್ಕರೆ ಎನ್‌ಒಸಿ ರದ್ದು, ಅಂಕಿ ತಪ್ಪಾದ ಹೊಣೆ ಅರ್ಜಿದಾರನದೇ. ಸರ್ವೇಯರನನ್ನು ಒಂದೇ ಪ್ರಶ್ನೆ ಕೇಳಿ: "ಎತ್ತರವನ್ನು ಯಾವ ಬೆಂಚ್‌ಮಾರ್ಕಿನಿಂದ (ಎತ್ತರ ಗೊತ್ತಿರುವ ಗುರುತುಕಲ್ಲಿನಿಂದ) ತಂದಿರಿ?" ತಡವರಿಸಿದರೆ ಬೇರೆಯವರನ್ನು ಹುಡುಕಿ.

ಅಕ್ಷಾಂಶ-ರೇಖಾಂಶ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್-84 ಪದ್ಧತಿಯಲ್ಲಿ, ಡಿಗ್ರಿ-ನಿಮಿಷ-ಸೆಕೆಂಡಿನಲ್ಲಿ ಇರಬೇಕು. ಒಂದು ಸೆಕೆಂಡ್ ಎಂದರೆ ನೆಲದ ಮೇಲೆ ಸುಮಾರು 30 ಮೀಟರ್, ಆದ್ದರಿಂದ ಸೆಕೆಂಡಿನ ಮುಂದೆ ದಶಾಂಶವೂ ಬೇಕು. ದಶಾಂಶ ಡಿಗ್ರಿಯನ್ನು ನಿಮಿಷವೆಂದು ತಿಳಿದು ತುಂಬುವುದು ಬಹಳ ಸಾಮಾನ್ಯ ತಪ್ಪು. 17.45 ಡಿಗ್ರಿ ಎಂದರೆ 17 ಡಿಗ್ರಿ 45 ನಿಮಿಷ ಅಲ್ಲ, 17 ಡಿಗ್ರಿ 27 ನಿಮಿಷ. ಈ ಒಂದು ತಪ್ಪಿಗೆ ನಿಮ್ಮ ಮನೆ ಸುಮಾರು 33 ಕಿಲೋಮೀಟರ್ ಉತ್ತರಕ್ಕೆ ಜಿಗಿಯುತ್ತದೆ, ಗಣಕಯಂತ್ರ ಸುಮ್ಮನೆ ಒಪ್ಪಿಕೊಳ್ಳುತ್ತದೆ.

ಎತ್ತರ ಅಳೆಯುವುದು ಭರಾವು ಹಾಕುವ ಮೊದಲು. ನಮ್ಮದು ಎರೆ ಭೂಮಿ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಹಾಗಾಗಿ ಎರೆ ತೆಗೆದು ಮುರುಮ್ ತುಂಬಿ ಜಾಗವನ್ನು ಮೂರು ನಾಲ್ಕು ಅಡಿ ಏರಿಸುವುದು ಇಲ್ಲಿಯ ವಾಡಿಕೆ. ಆ ಭರಾವೂ ಕಟ್ಟಡದ ಎತ್ತರದಲ್ಲೇ ಸೇರುತ್ತದೆ. ಕಾಗದದಲ್ಲಿ ಅವಕಾಶ ಸಮುದ್ರಮಟ್ಟದಿಂದ ಇರುವುದರಿಂದ, ನೆಲ ಎಷ್ಟು ಏರಿಸಿದರೂ ಚಾವಣಿಯ ಗಡಿ ಏರುವುದಿಲ್ಲ.

ಅರ್ಜಿ ಮತ್ತು ಉತ್ತರದ ಪತ್ರ

ಅರ್ಜಿ ಪ್ರಾಧಿಕಾರದ ನೋಕಾಸ್ ಎಂಬ ಜಾಲತಾಣದಲ್ಲಿ. ನಿಲ್ದಾಣದ ಹೆಸರು, ಕಟ್ಟಡದ ಬಗೆ, ಮೂಲೆಗಳ ಅಂಕಿ, ನೆಲದ ಎತ್ತರ, ಬೇಕಾದ ಎತ್ತರ ತುಂಬಬೇಕು. ಸರ್ವೇಯರನ ಪ್ರಮಾಣಪತ್ರ, ಮಾಲೀಕನ ಮುಚ್ಚಳಿಕೆ ಸೇರಿಸಬೇಕು. ಆರ್ಕಿಟೆಕ್ಟ್ ಹಾಕಿದರೂ ಮುಚ್ಚಳಿಕೆಯ ಸಹಿ ನಿಮ್ಮದು, ಆದ್ದರಿಂದ ಅಂಕಿಗಳನ್ನು ಪ್ರಮಾಣಪತ್ರದೊಂದಿಗೆ ಒಂದೊಂದಾಗಿ ತಾಳೆ ನೋಡಿ. ಪ್ಲಾಟಿನ ಮೂಲೆಗಳಲ್ಲ, ಕಟ್ಟಡದ ಮೂಲೆಗಳನ್ನು ಕೊಡಿ. ಒಂದೇ ಆವರಣದಲ್ಲಿ ಎರಡು ಕಟ್ಟಡವಿದ್ದರೆ ಎರಡಕ್ಕೂ ಬೇರೆ ಬೇರೆ. ಬೇಕಾದ ಎತ್ತರ ಬರೆಯುವಾಗ ಟಾಕಿ, ಮೆಟ್ಟಿಲಿನ ಕೋಣೆ ಎಲ್ಲ ಕೂಡಿಸಿ ಬರೆಯಿರಿ.

ಬರುವ ಪತ್ರದಲ್ಲಿ ನಿಮಗೆ ಬೇಕಾದ ಸಾಲು ಒಂದೇ: ಅನುಮತಿಸಿದ ಮೇಲ್ತುದಿ, ಸಮುದ್ರಮಟ್ಟದಿಂದ ಇಷ್ಟು ಮೀಟರ್. ಉದಾಹರಣೆಗೆ ಮೇಲ್ತುದಿ 512.00 ಎಂದಿದೆ, ನಿಮ್ಮ ನೆಲ 489.50. ಕಳೆದರೆ 22.50 ಮೀಟರ್. ನೆಲಮಹಡಿ ಮತ್ತು ಮೇಲೆ ಐದು ಮಹಡಿ ಆರಾಮವಾಗಿ ಕೂಡುತ್ತದೆ ಎನಿಸುತ್ತದೆ. ಲೆಕ್ಕ ಹಾಕಿ ನೋಡಿ. ಪಾಯದ ಮೇಲಿನ ಕಟ್ಟೆ 0.60, ಆರು ಮಹಡಿ ತಲಾ 3.05ರಂತೆ 18.30, ಒಟ್ಟು 18.90. ಮೆಟ್ಟಿಲಿನ ಕೋಣೆ 2.70 ಸೇರಿ 21.60. ಅದರ ಮೇಲೆ ಟಾಕಿ 1.60 ಸೇರಿ 23.20. ಮಿಂಚಿನ ಕಂಬ 1.50 ಸೇರಿ 24.70. 2.20 ಮೀಟರ್ ಮೀರಿತು, ಅದೂ ಭರಾವು ಬಿಟ್ಟು. ಪತ್ರದ ಷರತ್ತಿನಲ್ಲೇ ಸ್ಪಷ್ಟವಾಗಿ ಇರುತ್ತದೆ: ಆಂಟೆನಾ, ಮಿಂಚುವಾಹಕ, ಮೆಟ್ಟಿಲಿನ ಕೋಣೆ, ನೀರಿನ ಟಾಕಿ ಯಾವುದೂ ಆ ತುದಿಯನ್ನು ದಾಟಕೂಡದು. ಇದಕ್ಕೆ ಉಪಾಯ ಎಂದರೆ ಟಾಕಿಯನ್ನು ಮೆಟ್ಟಿಲಿನ ಕೋಣೆಯ ತಲೆಯ ಮೇಲೆ ಇಡದೆ ಮಾಳಿಗೆಯ ಚಾವಣಿಯ ಮೇಲೇ ಇಟ್ಟು ನೀರಿನ ಒತ್ತಡಕ್ಕೆ ಸಣ್ಣ ಪಂಪ್ ಹಾಕುವುದು. ಮೇಲೆ ಹೇಳಿದ ಮನೆಯಲ್ಲಿ ಮೆಟ್ಟಿಲಿನ ಕೋಣೆ 21.60ಕ್ಕೆ ನಿಲ್ಲುತ್ತದೆ. ಉಳಿದ 0.90ರಲ್ಲಿ ಮಿಂಚಿನ ಕಂಬ ಕೂಡಿಸಬೇಕು. ಮನೆಯ ಮಾಲೀಕ ಮುಂದೆ ಸೌರ ಫಲಕದ ಚೌಕಟ್ಟು ಹಾಕಿಸುವವನಿದ್ದರೆ ಅದರ ಲೆಕ್ಕವೂ ಇಲ್ಲೇ. ಕಟ್ಟುವಾಗ ನಿಲ್ಲಿಸುವ ಕ್ರೇನಿನ ತೋಳೂ ಆ ತುದಿ ದಾಟಬಾರದು.

ಪತ್ರದ ಅವಧಿ ಸಾಮಾನ್ಯವಾಗಿ 8 ವರ್ಷ. ಕೆಲಸ ಸುರುವಾಗಿ ನಿಮ್ಮ ಕೈಮೀರಿದ ಕಾರಣಕ್ಕೆ ತಡವಾದರೆ ಅವಧಿ ಮುಗಿಯುವ ಮೊದಲೇ ಮರುಮಾನ್ಯತೆ ಕೇಳಬೇಕು. ಮುಗಿದ ಮೇಲೆ ಹೊಸ ಅರ್ಜಿ, ಹೊಸ ಲೆಕ್ಕ. ಅಷ್ಟರಲ್ಲಿ ನಿಲ್ದಾಣ ಬೆಳೆದಿದ್ದರೆ ಹಳೆಯ ಎತ್ತರ ಸಿಗದು. ಮನೆಯನ್ನು ಹಂತ ಹಂತವಾಗಿ, ಮಗನ ಮದುವೆಗೆ ಒಂದು ಮಹಡಿ, ಮೊಮ್ಮಗನಿಗೆ ಇನ್ನೊಂದು ಎಂದು ಕಟ್ಟುವ ನಮ್ಮ ಪದ್ಧತಿಗೆ ಈ ಅವಧಿ ಒಗ್ಗುವುದಿಲ್ಲ. ಮೇಲೇರಿಸುವ ಯೋಚನೆ ಇದ್ದರೆ ಪೂರ್ತಿ ಎತ್ತರಕ್ಕೆ ಈಗಲೇ ಅರ್ಜಿ ಹಾಕಿ, ಅವಧಿಯೊಳಗೆ ಕಟ್ಟಿ ಮುಗಿಸಿ.

ಎನ್‌ಒಸಿ ಕಟ್ಟಡ ಪರವಾನಗಿ ಅಲ್ಲ. ಎರಡೂ ಬೇಕು. ಗುಂಠೇವಾರಿ ಪ್ಲಾಟಿನವರು (ಪರವಾನಗಿ ಇಲ್ಲದೆ ಗುಂಟೆ ಲೆಕ್ಕದಲ್ಲಿ ಸೀಳಿ ಮಾರಿದ ಜಾಗದವರು) ಇದನ್ನು ಎರಡು ಸಲ ಓದಿ. 2001ರ ಗುಂಠೇವಾರಿ ಕಾಯ್ದೆಯಡಿ ಪ್ಲಾಟ್ ಸಕ್ರಮವಾದರೂ ಎತ್ತರದ ನಿಯಮದಿಂದ ಬಿಡುಗಡೆ ಸಿಕ್ಕಂತಲ್ಲ. ಅದು ರಾಜ್ಯದ ಕಾಯ್ದೆ, ಇದು ಕೇಂದ್ರದ್ದು.

ಕೇಳಿದ್ದಕ್ಕಿಂತ ಕಡಿಮೆ ಎತ್ತರ ಸಿಕ್ಕರೆ ಮೇಲ್ಮನವಿ ಸಮಿತಿ ಇದೆ. ರನ್‌ವೇಯ ತುದಿಯೆದುರಿನ ದಾರಿಯಲ್ಲಿದ್ದರೆ ಅಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಪರಾತದ ತಳದಲ್ಲಿ ಅಥವಾ ಅಂಚಿನಲ್ಲಿದ್ದರೆ ಹೆಚ್ಚಿನ ಎತ್ತರ ವಿಮಾನಕ್ಕೆ ಅಪಾಯವೇ ಎಂದು ಪರೀಕ್ಷಿಸುವ ವೈಮಾನಿಕ ಅಧ್ಯಯನದಿಂದ ಒಂದಿಷ್ಟು ಸಿಗಬಹುದು, ಆದರೆ ಅದರ ಖರ್ಚು ಸಣ್ಣ ಮನೆಯವರಿಗೆ ಗಿಟ್ಟುವುದಿಲ್ಲ.

ತೆಗೆಯಿರಿ ಎಂಬ ನೋಟೀಸು ಬಂದರೆ

ಅಡ್ಡಿಯಾಗುವ ಕಟ್ಟಡ, ಮರಗಳನ್ನು ತೆಗೆಸುವ ಅಧಿಕಾರ 1934ರ ವಿಮಾನ ಕಾಯ್ದೆಯಲ್ಲಿತ್ತು. 2025ರ ಜನವರಿ 1ರಿಂದ ಅದರ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ನೋಟೀಸು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಮನೆಯಲ್ಲಿ ಕನ್ನಡ ಮಾತ್ರ ಓದುವ ಹಿರಿಯರ ಹೆಸರಿಗೆ ಬಂದದ್ದನ್ನು ತಂದವನು "ಬರೇ ಮುಟ್ಟಿದ ಸಹಿ" ಎಂದರೂ, ಪೂರ್ತಿ ಓದಿಸಿಕೊಂಡು, ಸಹಿಯ ಪಕ್ಕ ಆ ದಿನದ ತಾರೀಖು ಬರೆಯಿರಿ. ಉತ್ತರದ ಗಡುವು ಎಣಿಸುವುದು ಆ ತಾರೀಖಿನಿಂದ.

ಉತ್ತರದಲ್ಲಿ ಮೂರು ಸಂಗತಿ ಇರಲಿ: ಕಟ್ಟಿದ ವರ್ಷದ ದಾಖಲೆ, ಆಗ ಪಡೆದ ಪರವಾನಗಿ, ಈಗಿನ ಮೇಲ್ತುದಿಯ ಸರ್ವೇ ಪ್ರಮಾಣಪತ್ರ. ಕಟ್ಟಿದ ವರ್ಷಕ್ಕೆ ಮಾಲಮತ್ತೆ ತೆರಿಗೆಯ ಹಳೆಯ ರಸೀದಿ, ಕರೆಂಟ್ ಜೋಡಣೆಯ ಕಾಗದ ಒಳ್ಳೆಯ ಸಾಕ್ಷಿ. ನಿಯಮಬದ್ಧವಾಗಿ ಕಟ್ಟಿದ್ದು ಆಮೇಲಿನ ವಿಸ್ತರಣೆಯಿಂದ ಅಡ್ಡಿಯಾದರೆ ಪರಿಹಾರ ಕೇಳುವ ಹಕ್ಕಿದೆ. ನಿರ್ಬಂಧ ಗೊತ್ತಿದ್ದೂ ಮೀರಿ ಕಟ್ಟಿದವನಿಗೆ ಆ ಹಕ್ಕಿನ ಬಲವಿಲ್ಲ. ಎಷ್ಟೋ ಸಲ ಪೂರ್ತಿ ಕೆಡವಬೇಕಾಗಿಯೂ ಇರುವುದಿಲ್ಲ. ಟಾಕಿ ಇಳಿಸಿದರೆ, ಮರದ ತುದಿ ಕತ್ತರಿಸಿದರೆ ಸಾಕಾಗುತ್ತದೆ. ಅಳತೆ ಕೈಯಲ್ಲಿದ್ದವನು ಮಾತ್ರ ಅದನ್ನು ವಾದಿಸಬಲ್ಲ.

ಜಮೀನೇ ಹೋಗುವುದಾದರೆ

ಸೊಲ್ಲಾಪುರದ ಹತ್ತಿರದ ಬೋರಾಮಣಿಯಲ್ಲಿ ಹೊಸ ನಿಲ್ದಾಣಕ್ಕೆಂದು ಜಮೀನು ಪಡೆದು ವರ್ಷಗಳಾದವು, ಅರಣ್ಯ ಜಮೀನಿನ ತೊಡಕಿನಲ್ಲಿ ಕೆಲಸ ನಿಂತಿತು. ಯೋಜನೆ ನಿಲ್ಲಬಹುದು, ಆದರೆ ಪಂಚನಾಮೆಯಲ್ಲಿ ಬರೆಯದೆ ಬಿಟ್ಟುಹೋದದ್ದು ಮತ್ತೆ ಸಿಗುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಂತೆ ಪ್ರಾಥಮಿಕ ಅಧಿಸೂಚನೆಯಿಂದ 60 ದಿನದೊಳಗೆ ಆಕ್ಷೇಪಣೆ ಲಿಖಿತವಾಗಿ ಕೊಡಬೇಕು. ಬೆಲೆಯ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ ಸೇರುತ್ತದೆ. ಬೆಲೆ ಎಂದರೆ ಬರೀ ನೆಲದ್ದಲ್ಲ. ಬಾವಿ, ಬೋರು, ನೆಲದಡಿಯ ಪೈಪು, ದಾಳಿಂಬೆ ಗಿಡ, ದ್ರಾಕ್ಷಿ ಮಂಟಪ, ಹುಣಸೆ ಮರ ಎಲ್ಲ ಸೇರಿ. ಇವು ಸಾತ್‌ಬಾರಾದಲ್ಲಿ ಇಲ್ಲದಿದ್ದರೆ ಅಧಿಕಾರಿ ಕಣ್ಣಿಗೆ ಬಿದ್ದರೂ ಬರೆಯಲು ಹಿಂಜರಿಯುತ್ತಾರೆ. ಆದ್ದರಿಂದ ಪ್ರತಿ ಹಂಗಾಮಿನಲ್ಲೂ ಇ-ಪೀಕ್ ಪಾಹಣಿ ಆ್ಯಪಿನಲ್ಲಿ ಬೆಳೆ, ಗಿಡ, ನೀರಿನ ಮೂಲ ನಮೂದಿಸಿ. ಸತ್ತ ತಂದೆಯ ಹೆಸರೇ ಉತಾರದಲ್ಲಿ ಉಳಿದಿದ್ದರೆ ವಾರಸಾ ಫೇರಫಾರ್ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಇವತ್ತೇ ಹಾಕಿಸಿ. ಸಂಯುಕ್ತ ಮೋಜಣಿಯ ದಿನ ಮನೆಯವರೊಬ್ಬರು ಹೊಲದಲ್ಲಿ ನಿಂತಿರಿ, ಪಂಚನಾಮೆಯ ನಕಲು ಕೇಳಿ. ಹಣ ಪಡೆಯುವಾಗ ದರ ಒಪ್ಪಿಗೆ ಇಲ್ಲದಿದ್ದರೆ "ಆಕ್ಷೇಪಣೆಯೊಂದಿಗೆ ಸ್ವೀಕರಿಸಿದೆ" ಎಂದು ರಸೀದಿಯ ಮೇಲೆ ಬರೆಯಿರಿ. ನಿವಾಡಾ (ಪರಿಹಾರದ ತೀರ್ಪು) ಆದಾಗ ಎದುರಿಗಿದ್ದರೆ ಹೆಚ್ಚಿನ ಪರಿಹಾರದ ಅರ್ಜಿಗೆ ಇರುವುದು 6 ವಾರ ಮಾತ್ರ.

ಕಟ್ಟಡವಲ್ಲದ ಸಂಗತಿಗಳು

ನಿಲ್ದಾಣದ 10 ಕಿಲೋಮೀಟರ್ ಒಳಗೆ ಬಯಲಲ್ಲಿ ಪ್ರಾಣಿ ಕಡಿಯುವುದು, ಕಸ-ಮಾಂಸದ ಚೂರು ಎಸೆಯುವುದು ನಿಷಿದ್ಧ. ಹದ್ದು ಬರುತ್ತವೆ, ಹದ್ದು ಎಂಜಿನ್ನಿಗೆ ಸಿಕ್ಕರೆ ಅನಾಹುತ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುವವರು ರನ್‌ವೇ ಹತ್ತಿರದ ಹೊಲದಲ್ಲಾದರೂ ಅದನ್ನು ಬಿಟ್ಟು ರವದಿ ಪುಡಿಮಾಡಿ ಮುಚ್ಚಿಗೆ ಹಾಸಿ. ಹೊಗೆ ಇಳಿದಾರಿಯ ಮೇಲೆ ಅಡ್ಡ ಮಲಗುತ್ತದೆ.

ಡ್ರೋನಿನ ವಿಷಯ ಈಗ ಹೊಸದು. ದಾಳಿಂಬೆಗೆ ಔಷಧಿ ಹೊಡೆಯುವ ಡ್ರೋನ್ ಆಗಲಿ, ಮದುವೆಯ ಚಿತ್ರೀಕರಣದ್ದಾಗಲಿ, 2021ರ ಡ್ರೋನ್ ನಿಯಮದಂತೆ ನಿಲ್ದಾಣದ ಆವರಣದಿಂದ 5 ಕಿಲೋಮೀಟರ್ ಒಳಗೆ ಕೆಂಪು ವಲಯ, ಕೇಂದ್ರದ ಅನುಮತಿ ಇಲ್ಲದೆ ಏರಿಸುವಂತಿಲ್ಲ. 5ರಿಂದ 8 ಕಿಲೋಮೀಟರ್‌ವರೆಗೆ ನೆಲದಿಂದಲೇ ಹಳದಿ ವಲಯ, ವಾಯು ಸಂಚಾರ ನಿಯಂತ್ರಣದ ಅನುಮತಿ ಬೇಕು. 8ರಿಂದ 12ರವರೆಗೆ 200 ಅಡಿ ಕೆಳಗೆ ಅಡ್ಡಿಯಿಲ್ಲ. ಡ್ರೋನ್ ಬಾಡಿಗೆಗೆ ಕರೆಯುವ ಮುನ್ನ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಹೊಲದ ಬಣ್ಣ ನೋಡಿ. ಪೈಲಟ್ ಹುಡುಗ ಬೇರೆ ತಾಲೂಕಿನವನಾದರೆ ಅವನಿಗೆ ಇದು ಗೊತ್ತಿರುವುದಿಲ್ಲ.